ಡೊಳ್ಳು ಕೇಳಿಸಿದ ಕಿವಿ

ಸಿಂಗಟಾಲೂರಿನಲ್ಲಿ ತುಂಗಭದ್ರೆಯ ದಂಡೆಯ ಮೇಲೆ ನಸುಕಿನಲ್ಲಿ ಕುಳಿತವರಿಗೆ ಒಂದು ಸೋಜಿಗವು ಅನುಭವಕ್ಕೆ ಬರುವದುಂಟು. ಹೊಳೆಯ ಆಚೆಗೆ ಹೂವಿನಹಡಗಲಿಯ ಸೀಮೆ. ಅಲ್ಲಿ ಒಬ್ಬ ಒಕ್ಕಲಿಗನು ತನ್ನ ಎತ್ತನ್ನು ಗದರಿಸಿದರೆ ಆ ಮಾತು ನಮ್ಮ ಮಗ್ಗುಲಲ್ಲಿ ಆಡಿದಷ್ಟು ಸ್ಫುಟವಾಗಿ ಕೇಳುವದು. ಅವನೇ ಮಧ್ಯಾಹ್ನದಲ್ಲಿ ಗಂಟಲು ಹರಿಯುವಂತೆ ಕೂಗಿದರೂ ಕೈ ಬೀಸಿದ್ದು ಕಾಣುವದಲ್ಲದೆ ಮಾತು ತಿಳಿಯದು.

ಇದರ ಕಾರಣವು ಗಾಳಿಯ ಉಷ್ಣದಲ್ಲಿದೆ. ಶಬ್ದವು ಬಿಸಿಗಾಳಿಯಲ್ಲಿ ತುಸು ಬೇಗನೆ ಓಡುತ್ತದೆ. ೨೦ ಅಂಶದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು ೩೪೩ ಮೀಟರು, ೩೫ ಅಂಶದಲ್ಲಿ ೩೫೨. ರಾತ್ರಿಯೆಲ್ಲ ತಣಿದ ನೆಲ-ನೀರುಗಳ ಮೇಲೆ ತಂಗಾಳಿಯೂ ಅದರ ಮೇಲೆ ಬೆಚ್ಚನೆಯ ಗಾಳಿಯೂ ನಿಂತಾಗ, ತರಂಗದ ಮೇಲಣ ಭಾಗವು ಮುಂದೆ ಹೋಗಿ ಇಡಿಯ ತರಂಗವು ಕೆಳಕ್ಕೆ ಬಾಗುವದು. ಮೇಲೆ ಚದರಿ ಹೋಗಬೇಕಾದ ಮಾತು ನಮ್ಮ ಕಿವಿಗೆ ಬಂದು ಬೀಳುವದು. ಬಿಸಿಲಿಗೆ ದಂಡೆಯ ಮರಳು ಕಾದ ಮೇಲೆ ಇದು ತಿರುಗುಮುರುಗಾಗಿ, ಶಬ್ದವು ಮೇಲಕ್ಕೆ ಬಾಗಿ ನಮ್ಮ ತಲೆಯ ಮೇಲಿನಿಂದ ದಾಟಿ ಹೋಗುತ್ತದೆ.

ಶಬ್ದವು ತರಂಗವೆಂಬ ಮಾತು ನಮ್ಮ ಹಿಂದಿನವರಿಗೆ ಹೊಸದಲ್ಲ. ವಿಶ್ವನಾಥ ಪಂಚಾನನನ ಭಾಷಾಪರಿಚ್ಛೇದವನ್ನು ಓದಿದವರು ವೀಚೀತರಂಗ, ಕದಂಬಗೋಲಕ ಎಂಬೆರಡು ನ್ಯಾಯಗಳನ್ನು ಬಲ್ಲರು. ಒಂದು ತೆರೆ ಇನ್ನೊಂದು ತೆರೆಯನ್ನು ಹುಟ್ಟಿಸುವಂತೆ ಶಬ್ದವು ಸಾಗುವದೆಂದು ಒಂದು ಪಕ್ಷ. ಕದಂಬದ ಹೂವಿನ ಎಸಳುಗಳಂತೆ ಎಲ್ಲ ದಿಕ್ಕಿಗೂ ಒಮ್ಮೆಲೆ ಹೊರಡುವದೆಂದು ಇನ್ನೊಂದು. ತಾರ್ಕಿಕರು ಶಬ್ದವನ್ನು ಆಕಾಶದ ಗುಣವೆಂದರು. ಇಂದಿನ ಶಾಸ್ತ್ರವು ಅದನ್ನು ಗಾಳಿ, ನೀರು, ಕಟ್ಟಿಗೆ, ಕಬ್ಬಿಣಗಳ ಕಂಪವೆನ್ನುತ್ತದೆ. ಅಲ್ಲಿ ಮಾತ್ರ ನಾವು ಇಂದಿನವರ ಕಡೆಗೆ. ಆದರೆ ಆ ಎರಡು ಉಪಮೆಗಳನ್ನು ಬಿಟ್ಟುಕೊಡಲು ಮನಸ್ಸಾಗದು. ಮಕ್ಕಳಿಗೆ ಪಾಠ ಹೇಳಲು ಅವುಗಳಿಗಿಂತ ಒಳ್ಳೆಯ ಸಾಧನವು ನಮಗೆ ದೊರೆತಿಲ್ಲ.

ಸೆಕೆಂಡಿಗೆ ಎಷ್ಟು ಸಲ ಕಂಪಿಸುವದೋ ಅದರಂತೆ ಸ್ವರವು ಮಂದ್ರ ಅಥವಾ ತಾರವಾಗುತ್ತದೆ. ಎಳೆಯ ಕಿವಿಯು ೨೦ರಿಂದ ೨೦,೦೦೦ ಕಂಪಗಳ ವರೆಗೆ ಗ್ರಹಿಸಬಲ್ಲದು. ಇಲ್ಲಿ ನಮ್ಮ ವಾದ್ಯಗಳ ಮಾತು ಬರುತ್ತದೆ. ವೀರಭದ್ರದೇವರ ಮುಂದೆ ಪುರವಂತರು ಒಡಪು ಹೇಳುವಾಗ ಬಾರಿಸುವ ಸಮಾಳವನ್ನೂ, ಹಾಲುಮತದವರ ಡೊಳ್ಳನ್ನೂ ಕೇಳದವರಾರು? ಹದವಾಗಿ ಬಿಗಿದ ಬರಿಯ ಚರ್ಮವನ್ನು ಹೊಡೆದರೆ ಮೂಲಸ್ವರದೊಡನೆ ಅದರ ೧.೫೯, ೨.೧೪, ೨.೩೦ ಪಟ್ಟಿನ ಉಪಸ್ವರಗಳು ಹೊರಡುವವು. ಇವು ಪೂರ್ಣಾಂಕಗಳಲ್ಲವಾದ್ದರಿಂದ ಒಂದಕ್ಕೊಂದು ಹೊಂದದೆ, ಗುಡುಗಿನಂಥ ನಾದವಾಗುವದೇ ಹೊರತು ಗವಾಯಿಯ ಷಡ್ಜಕ್ಕೆ ಕೂಡದು. ಆದರೆ ಗದಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಹೋಗಿ ಕೇಳಿರಿ. ಪಂಚಾಕ್ಷರ ಗವಾಯಿಗಳೂ ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ (೧೯೧೪–೨೦೧೦) ಬೆಳೆಯಿಸಿದ ಆ ಮನೆಯಲ್ಲಿ ಕಣ್ಣಿಲ್ಲದ ಹುಡುಗರು ತಬಲೆಯನ್ನು ಶ್ರುತಿಗೆ ಕೂಡಿಸುವರು. ತಬಲೆಯ ನಡುವಿನ ಕರಿಯ ಶಾಯಿಯದೇ ಈ ಮಹಿಮೆ. ಕಬ್ಬಿಣದ ಪುಡಿ ಬೆರೆಸಿದ ಕಣಕವನ್ನು ತೆಳುವಾಗಿ ಪದರ ಪದರವಾಗಿ ಮೆತ್ತಿ ತಿಕ್ಕಿ ಆ ಭಾರವನ್ನು ನಡುವಿನಲ್ಲಿ ಇಟ್ಟೊಡನೆ ಉಪಸ್ವರಗಳು ಎರಡು, ಮೂರು, ನಾಲ್ಕು, ಐದು ಪಟ್ಟಿನ ಮೆಟ್ಟಿಲುಗಳಿಗೆ ಸರಿದು ನಿಲ್ಲುವವು. ಇದನ್ನು ಶಾಸ್ತ್ರೀಯವಾಗಿ ತೋರಿಸಿದವರು ಚಂದ್ರಶೇಖರ ವೆಂಕಟರಾಮನ್ನರು. ಶಿವಕಾಳಿ ಕುಮಾರರೊಡನೆ ೧೯೨೦ರಲ್ಲಿ ಒಮ್ಮೆ, ಬೆಂಗಳೂರಿಗೆ ಬಂದ ಮೇಲೆ ೧೯೩೪ರಲ್ಲಿ ವಿಸ್ತಾರವಾಗಿ. ಚರ್ಮದ ಮೇಲೆ ನುಣ್ಣನೆಯ ಮರಳನ್ನು ಉದುರಿಸಿ, ಎಲ್ಲಿ ಕಂಪವಿಲ್ಲವೋ ಅಲ್ಲಿ ಅದು ಗೆರೆಗೂಡುವದನ್ನು ಅವರು ನೋಡಿದರು. ಒಂಬತ್ತು ಬಗೆಯ ಕಂಪಗಳು ಐದೇ ಸ್ವರಗಳಲ್ಲಿ ಅಡಗಿದ್ದವು! ಮೊದಲು ಶಾಯಿ ಹಚ್ಚಿದ ಕೈಯಾರದೋ, ಅವನ ಹೆಸರು ಯಾವ ಗ್ರಂಥದಲ್ಲಿಯೂ ಇಲ್ಲ.

ಡೊಳ್ಳಿನ ಶಕ್ತಿಯೆಲ್ಲ ಮಂದ್ರದಲ್ಲಿದೆಯೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ನಮ್ಮ ಜೀವನದಲ್ಲಿ ಇದನ್ನು ತಿಳಿಯದೆ ಒಂದು ಅನ್ಯಾಯವಾಗಿ ಹೋಯಿತು.

ನಾವು ಮಾಸ್ತರಿಕೆ ಮಾಡುತ್ತಿದ್ದ ಕಾಲಕ್ಕೆ ಹಿಟ್ಟಿನ ಗಿರಣಿಯವರ ಹುಡುಗನೊಬ್ಬನು ನಮ್ಮ ವರ್ಗದಲ್ಲಿದ್ದನು. ಉಕ್ತಲೇಖನ ಹೇಳಿದರೆ 'ಸಾಲು' ಎಂಬಲ್ಲಿ 'ಹಾಲು' ಎಂದೂ, 'ಕಡೆ' ಎಂಬಲ್ಲಿ 'ತಡೆ' ಎಂದೂ ಬರೆಯುವನು. ಊಷ್ಮಾಕ್ಷರಗಳ ಉಚ್ಚಾರದಲ್ಲಿ ನಮಗೆ ಮೊದಲಿನಿಂದಲೂ ಹಟ. ಶ-ಷ-ಸಗಳ ಸ್ಥಾನಗಳನ್ನು ನೂರು ಸಲ ಹೇಳಿಕೊಟ್ಟೆವು, ಬೆಂಚಿನ ಮೇಲೆ ನಿಲ್ಲಿಸಿದೆವು, ಛಡಿಯನ್ನೂ ಎತ್ತಿದೆವು. ಕಿವಿ ಮಂದವಿರಬಹುದೇ ಎಂಬ ಸಂಶಯವು ಒಮ್ಮೆ ಬಂದು ಅವನ ತಾಯಿಯನ್ನು ಕೇಳಿದ್ದುಂಟು.

"ಎಲ್ಲಿ ಕಿವುಡ್ರೀ ಮಾಸ್ತರ? ಓಣ್ಯಾಗ ಡೊಳ್ಳು ಬಾರಿಸಿದ್ರ ಎಲ್ಲಾರಕಿಂತ ಮೊದಲ ಓಡತಾನ. ಕರದ್ರ ಮಾತ್ರ ಕೇಳಸೂದಿಲ್ಲ ನೋಡ್ರಿ," ಎಂದು ಆಕೆ ನಕ್ಕಳು. ನಾವೂ ನಕ್ಕೆವು. ಹುಡುಗನು ಸೋಗು ಹಾಕುವನೆಂದು ನಿಶ್ಚಯವಾಯಿತು. ಮರುದಿನ ಛಡಿಯೂ ಹೆಚ್ಚಾಯಿತು.

ಎರಡು ವರ್ಷಗಳ ಮೇಲೆ ಅವನ ಸೋದರಮಾವನು ಹುಬ್ಬಳ್ಳಿಗೆ ಕರೆದೊಯ್ದು ಕಿವಿಯ ವೈದ್ಯರಿಗೆ ತೋರಿಸಿದನು. ಅವರು ಶ್ರವಣಮಾಪಕ ಯಂತ್ರದಿಂದ ಬೇರೆ ಬೇರೆ ಸ್ವರಗಳನ್ನು ಕೇಳಿಸಿ ಬರೆದ ನಕ್ಷೆಯನ್ನು ಹುಡುಗನು ತಂದು ನಮ್ಮ ಮೇಜಿನ ಮೇಲೆ ಇಟ್ಟನು, ಮಾತೇನೂ ಆಡಲಿಲ್ಲ. ೫೦೦ ಕಂಪಗಳಲ್ಲಿ ಗೆರೆಯು ಎಲ್ಲರಂತೆಯೇ ಇತ್ತು. ಎರಡು ಸಾವಿರವನ್ನು ದಾಟಿದೊಡನೆ ಇಳಿಯುತ್ತ, ನಾಲ್ಕು ಸಾವಿರದ ಹತ್ತಿರ ಬಾವಿಗೆ ಬಿದ್ದಂತೆ ಬಿದ್ದಿತ್ತು. ನಮ್ಮ ಸ್ವರಾಕ್ಷರಗಳ ಬಲವು ಬಹುಮಟ್ಟಿಗೆ ಸಾವಿರ ಕಂಪಗಳ ಆಸುಪಾಸಿನೊಳಗೆ. 'ಸ'ಕಾರದ ಸೀತ್ಕಾರವಾದರೋ ನಾಲ್ಕು ಸಾವಿರದ ಮೇಲೆ. ಹೀಗಾಗಿ ಅವನಿಗೆ ಡೊಳ್ಳೂ ಕೇಳುತ್ತಿತ್ತು, ನಾವು ಬೈದ ದನಿಯೂ ಕೇಳುತ್ತಿತ್ತು. ಏನು ಹೇಳಿ ಬೈದೆವೆಂಬುದು ಮಾತ್ರ ಕೇಳುತ್ತಿರಲಿಲ್ಲ.

ಹಾಲುಗಲ್ಲದ ವಯಸ್ಸಿನಿಂದಲೂ ಅವನು ದಿನವೂ ತಂದೆಯೊಡನೆ ಗಿರಣಿಯಲ್ಲಿ ಪಟ್ಟಾದ ಬದಿಗೆ ಕೂಡ್ರುತ್ತಿದ್ದುದೇ ಇದಕ್ಕೆ ಕಾರಣವೆಂದು ವೈದ್ಯರ ಅಭಿಪ್ರಾಯ. ಒಳಗಿವಿಯ ಶಂಖದಲ್ಲಿ ಸುಮಾರು ಹದಿನೈದು ಸಾವಿರ ರೋಮಕೋಶಗಳಿವೆ. ತಾರಸ್ವರದವು ಬಾಗಿಲ ಹತ್ತಿರ, ಮಂದ್ರದವು ಒಳತುದಿಯಲ್ಲಿ. ಗದ್ದಲವು ಬಹುಮಾಡಿ ನಾಲ್ಕು ಸಾವಿರದ ಸುತ್ತಲಿನವನ್ನೇ ಮೊದಲು ಕೊಲ್ಲುತ್ತದೆ. ಸತ್ತವು ಮನುಷ್ಯನಲ್ಲಿ ಮರಳಿ ಹುಟ್ಟುವದಿಲ್ಲ. ನೋವಿಲ್ಲ, ರಕ್ತವಿಲ್ಲ, ಆದ್ದರಿಂದ ಯಾರಿಗೂ ಗೊತ್ತಾಗದು.

ಶಬ್ದದ ಜೋರನ್ನು ಡೆಸಿಬಲ್ಲುಗಳಿಂದ ಅಳೆಯುವರು. ಈ ಲೆಕ್ಕವು ಸೇರು-ಪಾವಿನಂತಲ್ಲ. ಹತ್ತು ಡೆಸಿಬಲ್ ಏರಿದರೆ ಶಕ್ತಿಯು ಹತ್ತು ಮಡಿಯಾಗುವದು, ಇಪ್ಪತ್ತು ಏರಿದರೆ ನೂರು ಮಡಿ. ಸಾಧಾರಣ ಸಂಭಾಷಣೆಯು ಸುಮಾರು ೬೦. ೮೫ರಲ್ಲಿ ದಿನಕ್ಕೆ ಎಂಟು ತಾಸು ಕೆಲಸ ಮಾಡಬಹುದೆಂದು ತಜ್ಞರ ಎಣಿಕೆ. ಅಲ್ಲಿಂದ ಮೂರು ಮೂರು ಏರಿದಂತೆ ಅವಧಿಯು ಅರ್ಧರ್ಧವಾಗಿ, ೧೦೦ಕ್ಕೆ ಬಂದಾಗ ಕಾಲು ತಾಸು ಮಾತ್ರ ಉಳಿಯುವದು. ಬಯಲಿನಲ್ಲಿ ದೂರವು ಇಮ್ಮಡಿಯಾದರೆ ಆರು ಡೆಸಿಬಲ್ ಇಳಿಯುವದಾದ್ದರಿಂದ, ಜಾತ್ರೆಯಲ್ಲಿ ಧ್ವನಿವರ್ಧಕದ ಬಾಯಿಗೆ ಕೂಸನ್ನು ಒಡ್ಡಿ ನಿಲ್ಲುವ ತಾಯಿಯು ಇಪ್ಪತ್ತು ಹೆಜ್ಜೆ ಹಿಂದೆ ಸರಿದರೂ ದೊಡ್ಡ ಉಪಕಾರವಾದೀತು. ೨೦೦೦ದಲ್ಲಿ ಬಂದ ನಿಯಮಗಳಂತೆ ವಸತಿಯ ಪ್ರದೇಶದಲ್ಲಿ ಹಗಲಿಗೆ ೫೫, ರಾತ್ರಿಗೆ ೪೫ ಡೆಸಿಬಲ್ಲುಗಳ ಮೇರೆಯಿದೆ. ರಾತ್ರಿ ಹತ್ತರಿಂದ ಬೆಳಗಿನ ಆರರ ವರೆಗೆ ಬಯಲಿನಲ್ಲಿ ಧ್ವನಿವರ್ಧಕವು ಸಾಮಾನ್ಯವಾಗಿ ನಿಷಿದ್ಧ. ಈ ಮೇರೆಯನ್ನು ಯಾವ ಊರಿನ ಪಂಚರು ಅಳೆದು ನೋಡಿದ್ದಾರೆಂದು ಕೇಳುವ ಧೈರ್ಯವು ನಮಗಿಲ್ಲ.

ಮನೆಯಲ್ಲಿ ಮಗುವನ್ನು ಬೆನ್ನಹಿಂದಿನಿಂದ, ತುಟಿ ಕಾಣದಂತೆ, ಮೆಲುದನಿಯಲ್ಲಿ ಸಕಾರ-ಶಕಾರಗಳುಳ್ಳ ಮಾತುಗಳಿಂದ ಕರೆದು ನೋಡಬೇಕು. ಪಾತ್ರೆ ಬಡಿದು ಪರೀಕ್ಷಿಸುವದು ವ್ಯರ್ಥ. ಸಂಶಯ ಬಂದರೆ ಜಿಲ್ಲೆಯ ಆಸ್ಪತ್ರೆಯಲ್ಲಿ ವಿಚಾರಿಸಬೇಕು. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ೧೯೬೬ರಿಂದ ಇದೇ ಕೆಲಸದಲ್ಲಿದೆ.

ಆ ಹುಡುಗನು ಈಗ ಗಿರಣಿಯ ಯಜಮಾನನು. ತಾನೂ ಕಿವಿಗೆ ಮುಚ್ಚಳ ಹಾಕಿಕೊಳ್ಳುವನು. ತನ್ನ ಮಕ್ಕಳನ್ನು ಒಳಗೆ ಬಿಡುವದಿಲ್ಲ. ಗಿರಣಿಯ ಹೊರಗೆ ಶ್ರವಣಯಂತ್ರವನ್ನು ಧರಿಸುವನು. ಹಬ್ಬಕ್ಕೊಮ್ಮೆ ನಮ್ಮ ಮನೆಗೆ ಬಂದಾಗ ನಾವು ವಯಸ್ಸಿನ ದೆಸೆಯಿಂದ ತಲೆ ತಗ್ಗಿಸಿ ಗೊಣಗಿಕೊಂಡಂತೆ ಮಾತಾಡಿದರೆ, "ಮಾಸ್ತರ, ಸ್ವಲ್ಪ ಬೆಳಕಿಗೆ ಮಾರಿ ಮಾಡಿ ಕೂಡ್ರಿ, ತುಟಿ ಕಾಣವಲ್ಲವು," ಎನ್ನುವನು. ನಾವು ಎದ್ದು ಕಿಟಕಿಯ ಕಡೆಗೆ ಕುರ್ಚಿಯನ್ನು ತಿರುಗಿಸಿಕೊಳ್ಳುತ್ತೇವೆ.