ಬಿದ್ದ ಮೇಲೆ ಕೆನ್ನೆ ಜೋಮು ಹಿಡಿದಿದೆಯಾ? ಊತ ಅಂತ ಸುಮ್ಮನಿರಬೇಡಿ

ಬೈಕ್ ಸ್ಕಿಡ್ ಆಗಿ ಬಿದ್ದಾಗಲೋ, ಅಂಗಡಿ ಶಟರ್ ಮುಖಕ್ಕೆ ಬಡಿದಾಗಲೋ 'ಊತ ಇಳಿದರೆ ಸರಿ ಹೋಗುತ್ತೆ ಬಿಡು' ಅಂತ ಐಸ್ ಒತ್ತಿಕೊಂಡು ಸುಮ್ಮನಾಗುವವರೇ ಹೆಚ್ಚು. ಆದರೆ ಊತದ ಜತೆ ಕೆನ್ನೆ, ಮೇಲ್ತುಟಿ ಜೋಮು ಹಿಡಿದಿದ್ದರೆ ಒಳಗೆ ಮೂಳೆ ಮುರಿದಿರಬಹುದು. ಹೇಗೆ ಅನ್ನೋದಕ್ಕೆ ಮುಖದ ಮೂಳೆಗಳನ್ನು ಸ್ವಲ್ಪ ತಿಳಿದುಕೊಳ್ಳಬೇಕು.

ಮುಖದಲ್ಲಿ 14 ಮೂಳೆ

ತಲೆಬುರುಡೆಯ 22 ಮೂಳೆಗಳಲ್ಲಿ 8 ಮಿದುಳನ್ನು ಕಾಯುತ್ತವೆ. ಉಳಿದ 14 ಮುಖದವು. ಮೇಲ್ದವಡೆ, ಕೆನ್ನೆಮೂಳೆ, ಮೂಗಿನ ಮೂಳೆ, ಕಣ್ಣೀರಿನ ಮೂಳೆ, ಅಂಗುಳಿನ ಮೂಳೆ, ಮೂಗಿನೊಳಗಿನ ಸುರುಳಿ ಮೂಳೆ ಇವೆಲ್ಲ ಎಡಕ್ಕೊಂದು, ಬಲಕ್ಕೊಂದು. ಮೂಗಿನ ಒಳಗೋಡೆಯ ಹಿಂಭಾಗದ ಮೂಳೆ ಮತ್ತು ಕೆಳದವಡೆ ಮಾತ್ರ ಒಂದೊಂದೇ. ಇಷ್ಟರಲ್ಲಿ ಅಲುಗಾಡುವುದು ಕೆಳದವಡೆ ಒಂದೇ.

ತೂತುಗಳು ಯಾಕೆ?

ಮುಖದ ಚರ್ಮಕ್ಕೆ ಸ್ಪರ್ಶ ತಿಳಿಸುವ ನರಗಳು ಮೂಳೆಯ ತೂತುಗಳ ಮೂಲಕ ಹೊರಬರುತ್ತವೆ. ಮುಖ್ಯವಾದವು ಮೂರು: ಹುಬ್ಬಿನ ಕೆಳಗೆ ಹಣೆಮೂಳೆಯ ಅಂಚಿನಲ್ಲಿ, ಕಣ್ಣಿನ ಕೆಳಗೆ ಮೇಲ್ದವಡೆಯಲ್ಲಿ, ಗಲ್ಲದ ಪಕ್ಕ ಕೆಳದವಡೆಯಲ್ಲಿ. ನೇರವಾಗಿ ನೋಡುವಾಗ ಕಣ್ಣಾಲಿಯಿಂದ ಮೇಲೆ ಕೆಳಗೆ ಗೆರೆ ಎಳೆದರೆ ಮೂರೂ ಹೆಚ್ಚುಕಮ್ಮಿ ಒಂದೇ ಸಾಲಿಗೆ ಬರುತ್ತವೆ.

ಕೆಳಗಿನ ಹಲ್ಲು ಕೀಳುವಾಗ ಡಾಕ್ಟ್ರು ಬಾಯಿಯ ಹಿಂಭಾಗಕ್ಕೆ ಇಂಜೆಕ್ಷನ್ ಕೊಟ್ಟರೂ ತುಟಿ ಮರಗಟ್ಟೋದು ಇದೇ ಕಾರಣಕ್ಕೆ. ನರ ದವಡೆಯ ಒಳಬದಿಯ ತೂತಿನಲ್ಲಿ ಹೊಕ್ಕು, ಗಲ್ಲದ ತೂತಿನಿಂದ ಹೊರಬಂದು ತುಟಿ ಮುಟ್ಟುತ್ತದೆ. ಅಳುವಾಗ ಮೂಗು ಸೋರೋದೂ ಕಣ್ಣಿನಿಂದ ಮೂಗಿಗೆ ಮೂಳೆಯೊಳಗೊಂದು ಕಾಲುವೆ ಇರುವುದರಿಂದಲೇ.

ಅಪಾಯ ಎಲ್ಲಿ?

ಕೆನ್ನೆಮೂಳೆ ಮುರಿದರೆ ಬಿರುಕು ಹಲವು ಬಾರಿ ಕಣ್ಣಿನ ಕೆಳಗಿನ ತೂತಿನತ್ತಲೇ ಹೋಗುತ್ತದೆ. ನರ ಜಜ್ಜಿದರೆ ಕೆಳರೆಪ್ಪೆ, ಮೂಗಿನ ಪಕ್ಕ, ಮೇಲ್ತುಟಿ ಜೋಮು ಹಿಡಿಯುತ್ತವೆ. ಕಣ್ಣುಗುಳಿಯ ತಳದ ಮೂಳೆ ತುಂಬಾ ತೆಳು. ಅದು ಒಡೆದು ಕಣ್ಣಿನ ಸ್ನಾಯು ಸಿಕ್ಕಿಕೊಂಡರೆ ಒಂದು ವಸ್ತು ಎರಡಾಗಿ ಕಾಣುತ್ತದೆ.

ಇವು ಕಂಡರೆ ತಡ ಮಾಡಬೇಡಿ:
• ಕೆನ್ನೆ, ತುಟಿ ಅಥವಾ ಗಲ್ಲ ಜೋಮು ಹಿಡಿಯುವುದು
• ಎರಡೆರಡು ಕಾಣುವುದು, ದೃಷ್ಟಿ ಮಂಜಾಗುವುದು
• ಮೇಲಿನ, ಕೆಳಗಿನ ಹಲ್ಲು ಮೊದಲಿನ ಹಾಗೆ ಕೂಡದಿರುವುದು
• ಮೂಗಿನಿಂದ ನೀರಿನಂಥ ದ್ರವ ಸೋರುವುದು

ಮೂಗಿನಿಂದ ದ್ರವ ಸೋರುತ್ತಿದ್ದರೆ, ದೃಷ್ಟಿ ಕಡಿಮೆಯಾದರೆ, ಪ್ರಜ್ಞೆ ತಪ್ಪಿದರೆ ತಕ್ಷಣ 108ಕ್ಕೆ ಕರೆ ಮಾಡಿ. ಡಾಕ್ಟ್ರು ನೋಡುವವರೆಗೂ ಜೋರಾಗಿ ಮೂಗು ಸೀನಬೇಡಿ. ಗಾಳಿ ಕಣ್ಣುಗುಳಿಗೆ ನುಗ್ಗಬಹುದು. ದೊಡ್ಡವರ ಹಲ್ಲು ಬೇರು ಸಮೇತ ಬಿದ್ದಿದ್ದರೆ ಬೇರು ಉಜ್ಜದೆ ಹಾಲಿನಲ್ಲಿ ಹಾಕಿ ಬೇಗ ದಂತವೈದ್ಯರಿಗೆ ಒಯ್ಯಿರಿ. ಮುರಿದ ಮೂಳೆಯನ್ನು ವಾರಗಟ್ಟಲೆ ಬಿಟ್ಟರೆ ವಾರೆಯಾಗಿಯೇ ಕೂಡಿಕೊಳ್ಳುತ್ತದೆ, ಆಮೇಲೆ ಸರಿಪಡಿಸೋದು ಕಷ್ಟ.

ಟೋಪಿಯಂಥ ಅರ್ಧ ಹೆಲ್ಮೆಟ್ ಕೆನ್ನೆ, ದವಡೆಯನ್ನು ಕಾಯೋದಿಲ್ಲ. ಮುಖ ಪೂರ್ತಿ ಮುಚ್ಚುವ ಐಎಸ್‌ಐ ಗುರುತಿನ ಹೆಲ್ಮೆಟ್ಟೇ ಬೇಕು. ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ ಪ್ರಕಾರ ಹಿಂದೆ ಕೂರುವವರಿಗೂ ಹೆಲ್ಮೆಟ್ ಕಡ್ಡಾಯ. ಸಂತೆಗೆ ಹೋಗಿ ಬರುವ ಎರಡೇ ಕಿಲೋಮೀಟರ್ ಆದರೂ ಅಷ್ಟೇ.