ಲಾರಿ ಇರೋದು ಮಾಲಿಗೆ

ಸಿರುಗುಪ್ಪದ ಕಡೆ ಭತ್ತದ ನಾಟಿ. ಕುರುಗೋಡಿನ ಕಡೆ ಮೆಣಸಿನಕಾಯಿ ಬಿಡಿಸೋ ಕೆಲಸ. ಕೂಲಿಗೆ ನಾವು ಹೋಗಲೇಬೇಕು. ಬಳ್ಳಾರಿ ರಸ್ತೆಯಲ್ಲಿ ಲಾರಿ ನಿಲ್ಲುತ್ತದೆ. "ಹತ್ತ್ರವ್ವಾ" ಅಂತಾರೆ. ನಾವು ಹತ್ತಬೇಕೇ?

ಬೇಡ. ಲಾರಿ ಇರೋದು ಮಾಲು ಸಾಗಿಸಲಿಕ್ಕೆ. ಹಿಂದೆ ಕೂಡಲು ಸೀಟಿಲ್ಲ. ಹಿಡಿಯಲು ಕಂಬಿ ಇಲ್ಲ. ಗಕ್ಕನೆ ಬ್ರೇಕ್ ಹಾಕಿದರೆ ಉರುಳಿ ಬೀಳುತ್ತೇವೆ. ಮೂಟೆ ಮೇಲೆ ಕೂತರೆ ಅಪಾಯ ಇನ್ನೂ ಹೆಚ್ಚು.

ಇನ್ನೊಂದು ಮಾತು ತಿಳಿಯೋಣ. ಲಾರಿಗೆ ವಿಮೆ ಇರುತ್ತದೆ. ಆದರೆ ಆ ವಿಮೆ ನಮಗೆ ಆಸರೆ ಆಗೋದಿಲ್ಲ. ಮಾಲಿನ ಗಾಡಿಯಲ್ಲಿ ಸುಮ್ಮನೆ ಹತ್ತಿ ಹೋದವರಿಗೆ ಪರಿಹಾರ ಕೊಡೋದು ವಿಮೆ ಕಂಪನಿಯ ಹೊಣೆ ಅಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿತು. ತನ್ನ ಮಾಲಿನ ಜೊತೆ ಹೋಗುವ ಮಾಲೀಕರ ಮಾತು ಬೇರೆ. ಕೈಕಾಲು ಹೋದರೆ ನಮ್ಮ ಮಕ್ಕಳ ಗತಿ ಏನು?

ಹಾಗಾದರೆ ಹೋಗೋದು ಹೇಗೆ? ಸರ್ಕಾರಿ ಬಸ್ಸು ಇದ್ದರೆ ಅದರಲ್ಲೇ ಹೋಗೋಣ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೇಟಿಗೆ ದುಡ್ಡಿಲ್ಲ. ಗುರುತಿನ ಚೀಟಿ ಸೆರಗಿನಲ್ಲಿರಲಿ.

ಬಸ್ಸಿಲ್ಲದ ಊರೇ? ಎಲ್ಲರೂ ಕೂಡಿ ಮೇಸ್ತ್ರಿಗೆ ಹೇಳೋಣ: "ಜನ ಕೂರೋ ಗಾಡಿ ತಗೊಂಬಾ." ಒಬ್ಬಳು ಹೇಳಿದರೆ ಕೇಳಲಿಕ್ಕಿಲ್ಲ. ಹತ್ತು ಮಂದಿ ಹೇಳಿದರೆ ಕೇಳಲೇಬೇಕು.