ಶರತ್ಕಾಲದ ಅರಿಕೆಪಟ್ಟಿ

ಅಮೆರಿಕದ ವರ್ಜೀನಿಯ ರಾಜ್ಯದಲ್ಲಿ ಮೇಪಲ್ ಮರಗಳ ಎಲೆಗಳು ಕೆಂಪೇರಿ ಉದುರತೊಡಗುವ ಅಕ್ಟೋಬರ್ ತಿಂಗಳಿನ ಯಾವುದೋ ಒಂದು ಸಂಜೆ, ಸಣ್ಣದೊಂದು ಊರಿನ ಪುರಸಭೆಯ ಸದಸ್ಯರು ಮೇಜಿನ ಸುತ್ತ ಕುಳಿತು ಒಂದು ಪಟ್ಟಿಯನ್ನು ತಿದ್ದುತ್ತಿರುತ್ತಾರೆ. ಪುರಸಭೆಯ ವ್ಯವಸ್ಥಾಪಕನೂ ವಕೀಲನೂ ಸೇರಿ ಬರೆದು ತಂದ ಕರಡು ಅದು. ಅದರಲ್ಲಿ ಸಾಮಾನ್ಯವಾಗಿ ಮೂರು ಭಾಗಗಳುಂಟು: ಊರಿಗೆ ಬೇಕಾದುವು, ಊರಿಗೆ ಬೇಡವಾದುವು, ಬೇಕೋ ಬೇಡವೋ ಇನ್ನೂ ತಿಳಿಯದೆ ಕಣ್ಣಿಟ್ಟು ಕಾಯಬೇಕಾದುವು. ಬೀದಿಗಳ ದುರಸ್ತಿಗೆ ರಾಜ್ಯವು ಕೊಡುವ ಹಣವನ್ನು ಹೆಚ್ಚಿಸಬೇಕು. ನಾಲ್ಕು ದಿನದ ಮಟ್ಟಿಗೆ ಪ್ರವಾಸಿಗಳಿಗೆ ಬಾಡಿಗೆ ಕೊಡುವ ಮನೆಗಳನ್ನು ಹತೋಟಿಯಲ್ಲಿಡುವ ಅಧಿಕಾರ ಊರಿನ ಕೈಯಲ್ಲೇ ಇರಬೇಕು. ಸಾರ್ವಜನಿಕ ಪ್ರಕಟಣೆಗಳನ್ನು ವೃತ್ತಪತ್ರಿಕೆಯಲ್ಲೇ ಅಚ್ಚುಹಾಕಿಸಬೇಕೆಂಬ ಕಟ್ಟಳೆಯನ್ನು ಸಡಿಲಿಸಿ ಖರ್ಚನ್ನು ಉಳಿಸಿಕೊಡಬೇಕು. (ಪತ್ರಿಕೆಗೆ ಬರೆದು ಬದುಕುವವರ ಪಂಗಡಕ್ಕೆ ಸೇರಿದ ನನಗೆ ಆ ಕಡೆಯ ಕೋರಿಕೆ ಅಷ್ಟಾಗಿ ರುಚಿಸದು; ಅದಿರಲಿ.) ಪಟ್ಟಿ ಒಪ್ಪಿಗೆಯಾದ ಮೇಲೆ ಅದನ್ನು ಠರಾವಿನ ರೂಪದಲ್ಲಿ ಅಂಗೀಕರಿಸಿ, ಆ ಭಾಗದ ಶಾಸಕನಿಗೂ ಸೆನೆಟರನಿಗೂ ಕಳುಹಿಸುತ್ತಾರೆ. ಜನವರಿ ತಿಂಗಳ ಎರಡನೆಯ ಬುಧವಾರ ರಿಚ್ಮಂಡ್ ನಗರದಲ್ಲಿ ರಾಜ್ಯದ ಶಾಸನಸಭೆ ಸೇರುವುದಕ್ಕೆ ಮೊದಲೇ ಅದು ಅವರ ಕೈಸೇರಬೇಕು.

ಜನರಿಂದ ಚುನಾಯಿತವಾದ ಸಭೆ, ತನ್ನದೇ ತೆರಿಗೆ, ತನ್ನದೇ ಪೊಲೀಸು, ತನ್ನದೇ ನೀರಿನ ತೊಟ್ಟಿ, ಇಷ್ಟೆಲ್ಲ ಉಳ್ಳ ಒಂದು ಊರು, ತನ್ನ ಮನೆಯೊಳಗಿನ ಕೆಲಸಕ್ಕೆ ದೂರದ ರಾಜಧಾನಿಯ ಅಪ್ಪಣೆಯನ್ನು ವರ್ಷವರ್ಷವೂ ಬೇಡಬೇಕಾದುದೇಕೆ? ಜಗತ್ತಿಗೆ ಸ್ವಯಮಾಡಳಿತದ ಪಾಠ ಹೇಳುವ ದೇಶವೆಂದು ಹೆಸರಾದ ಆ ನಾಡಿನಲ್ಲಿ ಈ ಬೇಡಿಕೆಯ ಪದ್ಧತಿ ಹೇಗೆ ಬೇರೂರಿತು? ಕಾರಣವನ್ನು ಅರಸಿ ಹಿಂದೆ ಹಿಂದೆ ಹೋದರೆ, ಕುದುರೆ ಏರಲಾರದ ಒಬ್ಬ ವೈದ್ಯನ ಬಳಿಗೆ ಬಂದು ನಿಲ್ಲುತ್ತೇವೆ.

ಆತನ ಹೆಸರು ಜಾನ್ ಫಾರೆಸ್ಟ್ ಡಿಲನ್. 1831ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಹುಟ್ಟಿ, ಬಾಲ್ಯದಲ್ಲೇ ಮಿಸಿಸಿಪ್ಪಿ ನದಿಯ ದಡದ ಅಯೋವಾ ಸೀಮೆಗೆ ಬಂದು ಬೆಳೆದವನು. ಹರೆಯದಲ್ಲೇ ವೈದ್ಯವಿದ್ಯೆಯನ್ನು ಕಲಿತು ಹಳ್ಳಿಗಾಡಿನಲ್ಲಿ ಚಿಕಿತ್ಸೆಗೆ ತೊಡಗಿದನು. ಆದರೆ ಆ ಕಾಲದ ಹಳ್ಳಿಯ ವೈದ್ಯನೆಂದರೆ ಹಗಲಿರುಳೆನ್ನದೆ ಕುದುರೆಯ ಬೆನ್ನಮೇಲೆ ಹತ್ತಾರು ಮೈಲಿ ತಿರುಗತಕ್ಕವನು. ಡಿಲನ್ನನಿಗೋ ಅಂತ್ರವೃದ್ಧಿಯ ಬಾಧೆಯಿದ್ದುದರಿಂದ ಕುದುರೆಸವಾರಿ ಅಸಾಧ್ಯವಾಯಿತು. ಕುಳಿತಲ್ಲೇ ಮಾಡಬಹುದಾದ ಉದ್ಯೋಗವೆಂದು ಕಾನೂನನ್ನು ಓದಿ 1852ರಲ್ಲಿ ವಕೀಲನಾದನು. ಮುಂದೆ ಅಯೋವಾದ ಶ್ರೇಷ್ಠ ನ್ಯಾಯಾಲಯದ ನ್ಯಾಯಾಧೀಶನೂ ಮುಖ್ಯ ನ್ಯಾಯಾಧೀಶನೂ ಆದನು. ಒಬ್ಬನ ದೇಹದೊಳಗಿನ ಅಲ್ಪವಾದ ಊನವು ಒಂದು ದೇಶದ ಊರೂರಿನ ಅಧಿಕಾರದ ಮೇರೆಯನ್ನು ಗೊತ್ತುಪಡಿಸುವುದಕ್ಕೆ ನಿಮಿತ್ತವಾಯಿತೆಂದರೆ ಅತ್ಯುಕ್ತಿಯೆನ್ನಿಸೀತು. ಆದರೆ ಚರಿತ್ರೆ ಇಂಥ ಅತ್ಯುಕ್ತಿಗಳನ್ನು ಆಗಾಗ ಮಾಡುತ್ತಲೇ ಇರುತ್ತದೆ.

ಅದು ರೈಲಿನ ಹುಚ್ಚು ಹಿಡಿದ ಕಾಲ. ಹಳಿ ತಮ್ಮ ಊರಿನ ಮೇಲೆ ಹಾದುಹೋದರೆ ಊರು ಬಾಳೀತು, ಪಕ್ಕದೂರಿನ ಮೇಲೆ ಹೋದರೆ ತಮ್ಮದು ಹಾಳಾದೀತು ಎಂಬ ಆಸೆಭಯಗಳಿಂದ, ಅಯೋವಾದ ಪಟ್ಟಣಗಳು ಒಂದರ ಮೇಲೊಂದು ಹಠ ತೊಟ್ಟು, ತಮ್ಮ ಶಕ್ತಿಗೆ ಮೀರಿದ ಸಾಲಪತ್ರಗಳನ್ನು ಹೊರಡಿಸಿ ರೈಲು ಕಂಪೆನಿಗಳ ಕೈಗಿತ್ತುವು. ಕೆಲವು ಕಂಪೆನಿಗಳು ಹಳಿ ಹಾಕುವ ಮೊದಲೇ ದಿವಾಳಿಯಾದುವು. ರೈಲು ಬರಲಿಲ್ಲ, ಬಡ್ಡಿ ಬಂದಿತು. ಸಾಲ ಕೊಟ್ಟವರು ಊರುಗಳನ್ನು ನ್ಯಾಯಾಲಯಕ್ಕೆಳೆದರು. ದೇಶದ ಇತರ ಕಡೆಗಳಲ್ಲಿ ನಗರಸಭೆಗಳ ಗುತ್ತಿಗೆಗಳೂ ನೌಕರಿಗಳೂ ಪಕ್ಷದ ಪುಂಡರ ಪಾಲಾಗುತ್ತಿದ್ದ ಕಾಲವೂ ಅದೇ. ನ್ಯೂಯಾರ್ಕ್ ನಗರದ ಬೊಕ್ಕಸವನ್ನು ದೋಚಿದ, ಟ್ವೀಡನೆಂಬ ಪಕ್ಷದ ಮುಖಂಡನ ಕೂಟದ ಹಗರಣ ಬಯಲಿಗೆ ಬಿದ್ದು ಅದರ ಪತನವಾದುದು 1871ರಲ್ಲಿ. ಊರಿನ ಸಭೆಗಳನ್ನು ಅವುಗಳ ಪಾಡಿಗೆ ಬಿಟ್ಟರೆ ಮನೆಮಾರು ಮಾರಿಯಾವು ಎಂಬ ಭಾವನೆ ಡಿಲನ್ನನ ಮನಸ್ಸಿನಲ್ಲಿ ನೆಲೆಯೂರಿದ್ದುದು ಆಶ್ಚರ್ಯವಲ್ಲ.

1868ರಲ್ಲಿ ಅವನ ಮುಂದೆ ಬಂದ ವ್ಯಾಜ್ಯದಲ್ಲಿ ಪಾತ್ರಗಳು ಅದಲುಬದಲಾಗಿದ್ದುವೆಂಬುದು ಗಮನಿಸತಕ್ಕದ್ದು. ಮಿಸಿಸಿಪ್ಪಿಯ ದಡದ ಕ್ಲಿಂಟನ್ ಪಟ್ಟಣವು ರೈಲನ್ನು ಬೇಡಲಿಲ್ಲ; ತನ್ನ ಬೀದಿಗಳಲ್ಲಿ ಹಳಿ ಹಾಕಕೂಡದೆಂದು ಸೀಡರ್ ರ‍್ಯಾಪಿಡ್ಸ್ ಮತ್ತು ಮಿಸೌರಿ ನದಿ ರೈಲು ಕಂಪೆನಿಯನ್ನು ತಡೆಯಿತು. ಕಂಪೆನಿಯು ರಾಜ್ಯದ ಶಾಸನಸಭೆ ತನಗಿತ್ತ ಅನುಜ್ಞೆಯನ್ನು ತೋರಿಸಿತು. ಡಿಲನ್ ಕಂಪೆನಿಯ ಪರವಾಗಿ ತೀರ್ಪಿತ್ತನು. ಊರಿನ ಸಭೆಯೆಂಬುದು ಶಾಸನಸಭೆಯಿಂದ ಹುಟ್ಟಿದುದು. ಅದರ ಉಸಿರು ಶಾಸನಸಭೆ ಊದಿದ ಉಸಿರು. ಹುಟ್ಟಿಸಿದ ಕೈಗೆ ಅಳಿಸುವ ಅಧಿಕಾರವೂ ಉಂಟು ಎಂಬುದು ಅವನ ವಾದದ ತಿರುಳು. ಅದೇ ವರ್ಷದ ಮತ್ತೊಂದು ತೀರ್ಪಿನಲ್ಲಿ ಇದನ್ನು ಸೂತ್ರರೂಪಕ್ಕೆ ಇಳಿಸಿದನು. ಊರಿನ ಸಭೆಗೆ ಶಾಸನವು ಬಾಯಿಬಿಟ್ಟು ಕೊಟ್ಟ ಅಧಿಕಾರವುಂಟು, ಆ ಕೊಟ್ಟುದರೊಳಗೆ ಅನಿವಾರ್ಯವಾಗಿ ಅಡಗಿದ ಅಧಿಕಾರವುಂಟು, ಸಭೆಯ ಉದ್ದೇಶಕ್ಕೆ ಕೇವಲ ಅನುಕೂಲವಾದುದಲ್ಲ, ಇಲ್ಲದೆ ನಡೆಯದಂಥ ಅಧಿಕಾರವುಂಟು. ಇವು ಮೂರನ್ನು ಬಿಟ್ಟರೆ ಬೇರೇನೂ ಇಲ್ಲ. ಸಂದೇಹ ಬಂದಾಗ, ಅಧಿಕಾರವಿಲ್ಲವೆಂದೇ ತಿಳಿಯತಕ್ಕದ್ದು.

ಈ ಕಡೆಯ ಮಾತೇ ಸೂತ್ರದ ಮೊನೆ. ಕೊಟ್ಟುದು ಯಾವುದು, ಅಡಗಿದುದು ಯಾವುದು ಎಂದು ವಕೀಲರು ತಲೆ ಕೆಡಿಸಿಕೊಳ್ಳಬಹುದು; ಸಂದೇಹದ ಲಾಭ ಊರಿಗಿಲ್ಲವೆಂದ ಮೇಲೆ, ವಿವೇಕಿಯಾದ ಪುರಸಭೆ ಸಾಹಸಕ್ಕೆ ಹೋಗದೆ ಮೊದಲು ಅಪ್ಪಣೆ ಕೇಳುತ್ತದೆ. ಅಕ್ಟೋಬರಿನ ಪಟ್ಟಿ ಹುಟ್ಟಿದುದು ಈ ಸಂದೇಹದ ಗರ್ಭದಲ್ಲಿ.

ಡಿಲನ್ನನು 1872ರಲ್ಲಿ ಪುರಾಡಳಿತದ ಕಾನೂನನ್ನು ಕುರಿತು ಹೊತ್ತಗೆಯೊಂದನ್ನು ಪ್ರಕಟಿಸಿದನು. ಆ ವಿಷಯದ ಮೇಲೆ ಅಂಥ ಸಮಗ್ರ ಗ್ರಂಥ ಬೇರೊಂದಿರಲಿಲ್ಲವಾದುದರಿಂದ ನ್ಯಾಯಾಧೀಶರು ದೇಶದಾದ್ಯಂತ ಅದನ್ನೇ ಆಧಾರವಾಗಿ ಹಿಡಿದರು. ಒಂದು ರಾಜ್ಯದ ತೀರ್ಪು ಪುಸ್ತಕದ ಬೆನ್ನೇರಿ ದೇಶದ ನಿಯಮವಾಯಿತು. ಎದುರು ದನಿ ಇಲ್ಲದಿರಲಿಲ್ಲ. ಮಿಚಿಗನ್ನಿನ ನ್ಯಾಯಾಧೀಶ ಥಾಮಸ್ ಕೂಲಿ 1871ರಲ್ಲಿ, ಊರಿನ ಆಡಳಿತ ಊರಿನವರ ಜನ್ಮಸಿದ್ಧ ಹಕ್ಕು, ರಾಜ್ಯವು ಅದನ್ನು ಕಿತ್ತುಕೊಳ್ಳಲಾಗದು ಎಂದು ಬರೆದನು. ಓದಲು ಕೂಲಿಯ ಮಾತೇ ಹಿತ. ಗೆದ್ದುದು ಡಿಲನ್ನನ ಮಾತು. 1906ರಲ್ಲಿ ಪಿಟ್ಸ್‌ಬರ್ಗ್ ನಗರವು ತನ್ನ ನೆರೆಯ ಅಲೆಗೆನಿ ಪಟ್ಟಣವನ್ನು ನುಂಗಹೊರಟಾಗ, ಅಲೆಗೆನಿಯ ಮತದಾರರಲ್ಲಿ ಹೆಚ್ಚಿನವರು ಬೇಡವೆಂದಿದ್ದರೂ, ಎರಡೂ ಊರಿನ ಮತಗಳನ್ನು ಕೂಡಿಸಿ ಎಣಿಸಿದ್ದರಿಂದ ದೊಡ್ಡೂರಿನ ಮಾತೇ ಮೇಲಾಯಿತು. ದೂರು ದೇಶದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋದಾಗ, 1907ರಲ್ಲಿ, ಊರನ್ನು ಹಿಗ್ಗಿಸುವುದೂ ಕುಗ್ಗಿಸುವುದೂ ಅಳಿಸುವುದೂ ರಾಜ್ಯದ ಇಚ್ಛೆ, ಊರಿನವರ ಒಪ್ಪಿಗೆ ಬೇಕಿಲ್ಲ ಎಂಬ ಉತ್ತರ ಬಂದಿತು. ಅಲೆಗೆನಿ ಇಂದು ಪಿಟ್ಸ್‌ಬರ್ಗಿನ ಉತ್ತರ ಭಾಗದ ಬಡಾವಣೆಗಳಲ್ಲಿ ಕರಗಿಹೋಗಿದೆ.

ವರ್ಜೀನಿಯದ ಶ್ರೇಷ್ಠ ನ್ಯಾಯಾಲಯವು ಡಿಲನ್ನನ ಸೂತ್ರವನ್ನು ವಿಂಚೆಸ್ಟರ್ ನಗರದ ಮೊಕದ್ದಮೆಯಲ್ಲಿ 1896ರಲ್ಲಿ ಒಪ್ಪಿಕೊಂಡಿತು. ಒಪ್ಪಿಕೊಂಡ ಮೇಲೆ ಬಿಡಲಿಲ್ಲ. ಆ ರಾಜ್ಯದ ಏರ್ಪಾಡು ನಮಗೆ ತುಸು ವಿಚಿತ್ರವಾಗಿ ತೋರುತ್ತದೆ. ಅಲ್ಲಿ ನಮ್ಮ ಜಿಲ್ಲೆಗಳಂಥ 95 ಕೌಂಟಿಗಳುಂಟು; ಅವುಗಳಿಗೆ ಸೇರದೆ ಸ್ವತಂತ್ರವಾಗಿ ನಿಂತ 38 ಸಿಟಿಗಳುಂಟು; ಕೌಂಟಿಗಳ ಒಡಲೊಳಗೇ ಇದ್ದು ತಮ್ಮದೇ ಪುರಸಭೆಯನ್ನು ಹೊಂದಿದ ಸುಮಾರು 190 ಟೌನುಗಳುಂಟು. ಟೌನಿಗೆ ಆಧಾರ ಶಾಸನಸಭೆಯಿತ್ತ ಸನ್ನದು. ಆ ಸನ್ನದಿನ ಒಂದು ಪದವನ್ನು ಬದಲಾಯಿಸಬೇಕಾದರೂ ದಾರಿ ಸುಲಭವಲ್ಲ: ಮೊದಲು ಪ್ರಕಟಣೆ ಹೊರಡಿಸಿ ಊರಿನವರ ಅಹವಾಲು ಕೇಳಬೇಕು, ಇಲ್ಲವೇ ಜನಮತ ಎಣಿಸಬೇಕು, ಆಮೇಲೆ ಶಾಸಕನೊಬ್ಬನನ್ನು ಒಪ್ಪಿಸಿ ಮಸೂದೆ ಮಂಡಿಸಬೇಕು, ಅದಕ್ಕೆ ಎರಡೂ ಸದನಗಳಲ್ಲಿ ಚುನಾಯಿತ ಸದಸ್ಯರ ಮೂರರಲ್ಲಿ ಎರಡು ಪಾಲಿನ ಮತ ದೊರೆಯಬೇಕು. ಎಂದರೆ ನೂರು ಮಂದಿಯ ಪ್ರತಿನಿಧಿಸಭೆಯಲ್ಲಿ 67, ನಲವತ್ತು ಮಂದಿಯ ಸೆನೆಟ್ಟಿನಲ್ಲಿ 27.

ಇದನ್ನೋದುವ ಕನ್ನಡಿಗರಿಗೆ ಮೈಸೂರಿನಲ್ಲಿ ದಸರೆಯ ಹೊತ್ತಿಗೆ ಸೇರುತ್ತಿದ್ದ ಸಭೆಯೊಂದು ನೆನಪಾಗದಿರದು. ಡಿಲನ್ ನ್ಯಾಯಪೀಠವನ್ನು ಬಿಟ್ಟು ನ್ಯೂಯಾರ್ಕಿಗೆ ಹೋಗಿ ಎರಡು ವರ್ಷವಾಗಿದ್ದಾಗ, 1881ರ ಅಕ್ಟೋಬರ್ 7ರಂದು, ದಿವಾನ್ ರಂಗಾಚಾರ್ಲು ಅವರ ಯೋಜನೆಯಂತೆ 144 ಮಂದಿಯ ಪ್ರಜಾಪ್ರತಿನಿಧಿ ಸಭೆ ಮೈಸೂರಿನಲ್ಲಿ ಮೊದಲ ಬಾರಿಗೆ ಸೇರಿತು. ತಾಲ್ಲೂಕಿಗೆ ಒಬ್ಬಿಬ್ಬರು ಹಿಡುವಳಿದಾರರು, ಜಿಲ್ಲೆಗೆ ಮೂರು ನಾಲ್ಕು ವರ್ತಕರು, ತಮ್ಮ ಸೀಮೆಯ ಕೆರೆಕಟ್ಟೆ ರಸ್ತೆಗಳ ಅರಿಕೆಗಳನ್ನು ಹೊತ್ತು ಬರುತ್ತಿದ್ದ ಸಭೆ ಅದು. ಮಾಸ ಒಂದೇ, ಅರಿಕೆಯ ಧಾಟಿಯೂ ಹತ್ತಿರದ್ದೇ. ಆದರೆ ಅದು ಅರಸೊತ್ತಿಗೆಯ ಕೆಳಗಿನ ಪ್ರಜೆಗಳ ಅರಿಕೆ, ಇದು ಚುನಾಯಿತರು ಚುನಾಯಿತರಿಗೆ ಮಾಡುವ ಅರಿಕೆ. ನನಗೆ ಎರಡನೆಯದೇ ಹೆಚ್ಚು ಸೋಜಿಗ.

ಸೂತ್ರದ ಬಿಸಿ ನಿತ್ಯಜೀವನದಲ್ಲಿ ತಗಲುವುದು ಸಣ್ಣ ಸಂಗತಿಗಳಲ್ಲಿ. ಅಂಗಡಿಯಲ್ಲಿ ಕೊಡುವ ಪ್ಲಾಸ್ಟಿಕ್ ಚೀಲಕ್ಕೆ ಐದು ಸೆಂಟು ತೆರಿಗೆ ವಿಧಿಸುವ ಅಧಿಕಾರವನ್ನು ಶಾಸನಸಭೆ 2020ರಲ್ಲಿ ಕೌಂಟಿಗಳಿಗೂ ಸಿಟಿಗಳಿಗೂ ಕೊಟ್ಟಿತು. ಆ ಕಾಯಿದೆಯಲ್ಲಿ ಟೌನುಗಳ ಹೆಸರಿರಲಿಲ್ಲ. ಹೆಸರಿಲ್ಲವೆಂದ ಮೇಲೆ ಅಧಿಕಾರವಿಲ್ಲ. ಕೊಡಬಾರದೆಂದು ಯಾರೂ ಹೇಳಬೇಕಾಗಿಲ್ಲ, ಕೊಟ್ಟಿದೆಯೆಂದು ಹೇಳದಿದ್ದರೆ ಸಾಕು. ಮನೆಗಳ ಸಾಲಿನ ಬೀದಿಯಲ್ಲಿ ವಾಹನದ ವೇಗವನ್ನು ಗಂಟೆಗೆ 25 ಮೈಲಿಗಿಂತ ಕೆಳಗಿಳಿಸಿ 15ರವರೆಗೆ ತರಬಹುದೆಂಬ ಅನುಮತಿ ಊರುಗಳಿಗೆ ಸಾಮಾನ್ಯವಾಗಿ ದೊರೆತುದು 2021ರಲ್ಲಿ. ತನ್ನ ಮಕ್ಕಳು ಆಡುವ ಬೀದಿಯಲ್ಲಿ ಕಾರು ಎಷ್ಟು ನಿಧಾನವಾಗಿ ಹೋಗಬೇಕೆಂದು ಗೊತ್ತುಮಾಡಲು ಒಂದು ಊರು ರಾಜಧಾನಿಯ ಮುಖ ನೋಡಬೇಕಾಗಿತ್ತೆಂಬುದನ್ನು ನೆನೆದರೆ, ಪಟ್ಟಿಯ ತಿದ್ದುವಿಕೆ ಬರಿಯ ಔಪಚಾರಿಕ ಕ್ರಿಯೆಯಲ್ಲವೆಂಬುದು ಮನಸ್ಸಿಗೆ ಬರುತ್ತದೆ.

ಇನ್ನು ಷಾರ್ಲಟ್ಸ್‌ವಿಲ್‌ನ ಪ್ರಸಂಗ. ಅದು ಟೌನಲ್ಲ, ಸಿಟಿ. ಆದರೆ ಸೂತ್ರ ಎಲ್ಲರಿಗೂ ಒಂದೇ. ಗುಲಾಮಗಿರಿಯ ಪರ ಹೋರಾಡಿದ ಸೈನ್ಯದ ದಂಡನಾಯಕ ರಾಬರ್ಟ್ ಲೀಯ ಕಂಚಿನ ವಿಗ್ರಹವೊಂದು 1924ರಿಂದಲೂ ಅಲ್ಲಿಯ ಉದ್ಯಾನದಲ್ಲಿ ನಿಂತಿದ್ದಿತು. ಪ್ರೌಢಶಾಲೆಯ ವಿದ್ಯಾರ್ಥಿನಿಯೊಬ್ಬಳ ಮನವಿಯಿಂದ ಮೊದಲಾದ ಚರ್ಚೆ ನಗರಸಭೆಗೆ ಬಂದು, 2017ರ ಫೆಬ್ರವರಿಯಲ್ಲಿ ವಿಗ್ರಹವನ್ನು ತೆಗೆಯುವುದೆಂದು ಮೂರಕ್ಕೆ ಎರಡು ಮತಗಳಿಂದ ತೀರ್ಮಾನವಾಯಿತು. ಯುದ್ಧಸ್ಮಾರಕಗಳನ್ನು ಕದಲಿಸಕೂಡದೆಂಬ ಕಾಯಿದೆಯೊಂದು 1904ರಿಂದ ಇದ್ದಿತು. ಮೊದಲು ಕೌಂಟಿಗಳಿಗಷ್ಟೇ ಅನ್ವಯಿಸುತ್ತಿದ್ದ ಅದನ್ನು 1997ರಲ್ಲಿ ಸಿಟಿಗಳಿಗೂ ವಿಸ್ತರಿಸಿದ್ದರು. ವಿಗ್ರಹವನ್ನು ತೆಗೆಯಬಾರದೆಂದವರು ಅದರ ಆಧಾರದ ಮೇಲೆ ವ್ಯಾಜ್ಯ ಹೂಡಿದರು, ತಡೆಯಾಜ್ಞೆ ಬಂದಿತು. ಅದೇ ಆಗಸ್ಟಿನಲ್ಲಿ ಆ ವಿಗ್ರಹದ ನೆಪದಲ್ಲಿ ಬಿಳಿಯರ ಶ್ರೇಷ್ಠತೆಯನ್ನು ಸಾರುವವರು ನೆರೆದು, ಗಲಭೆಯಾಗಿ, ಎದುರು ನಿಂತವರ ಗುಂಪಿನ ಮೇಲೆ ಒಬ್ಬನು ಕಾರು ನುಗ್ಗಿಸಿದನು. ಒಬ್ಬ ಹೆಣ್ಣುಮಗಳು ಪ್ರಾಣ ತೆತ್ತಳು. ಇಷ್ಟಾದರೂ ವಿಗ್ರಹ ಕದಲಲಿಲ್ಲ. ಶಾಸನಸಭೆ 2020ರಲ್ಲಿ ಕಾಯಿದೆಯನ್ನು ತಿದ್ದಿ ಊರುಗಳಿಗೆ ಅಧಿಕಾರ ಕೊಟ್ಟಿತು. 2021ರ ಏಪ್ರಿಲ್‌ನಲ್ಲಿ ರಾಜ್ಯದ ಶ್ರೇಷ್ಠ ನ್ಯಾಯಾಲಯವು ಕೊಟ್ಟ ತೀರ್ಪು ಇನ್ನೂ ಸ್ವಾರಸ್ಯವಾದುದು: 1997ಕ್ಕೆ ಮೊದಲು ನಿಲ್ಲಿಸಿದ ನಗರದ ವಿಗ್ರಹಗಳಿಗೆ ಆ ಹಳೆಯ ನಿಷೇಧ ಅನ್ವಯಿಸುತ್ತಲೇ ಇರಲಿಲ್ಲವಂತೆ! ನಾಲ್ಕು ವರ್ಷ ಕಟ್ಟಿಹಾಕಿದ ಹಗ್ಗ ಹಗ್ಗವೇ ಅಲ್ಲವೆಂದು ತಿಳಿದ ಮೇಲೆ, ಜುಲೈ 10ರಂದು ವಿಗ್ರಹವನ್ನು ಕೆಳಗಿಳಿಸಿದರು.

ಪಟ್ಟಿಯನ್ನು ಹೇಗೆ ಬರೆಯಬೇಕೆಂಬುದರಲ್ಲೂ ಒಂದು ಚಾತುರ್ಯವುಂಟು. ಸಮಸಂಖ್ಯೆಯ ವರ್ಷದಲ್ಲಿ ಅಧಿವೇಶನ 60 ದಿನ. ಬೆಸವರ್ಷದಲ್ಲಿ 30 ದಿನವೆಂದು ಗೊತ್ತಾಗಿದ್ದರೂ ಎಳೆದು ಸುಮಾರು 46 ದಿನ ನಡೆಸುವುದು ವಾಡಿಕೆ. ನಡುವಿನಲ್ಲೊಂದು ಗಡುವಿನ ದಿನ. ಅಷ್ಟರೊಳಗೆ ಒಂದು ಸದನವನ್ನು ದಾಟದ ಮಸೂದೆ ಆ ವರ್ಷಕ್ಕೆ ಸತ್ತಂತೆಯೇ. ಇಂಥ ಕಿರುಗಾಲದಲ್ಲಿ ಸಾವಿರಾರು ಮಸೂದೆಗಳ ನಡುವೆ ತೂರಿಕೊಂಡು ಹೋಗಬೇಕಾದ ಊರು, ಮೂವತ್ತು ಬಾಬುಗಳ ಪಟ್ಟಿಯನ್ನು ಕಳುಹಿಸಿದರೆ ಶಾಸಕನು ಒಂದನ್ನೂ ಓದುವುದಿಲ್ಲ. ಮೂರೇ ಕಳುಹಿಸಿದರೆ ನಾಲ್ಕನೆಯದನ್ನು ಬಿಟ್ಟುದೇಕೆಂದು ಆ ಬೀದಿಯವರು ಕೇಳುತ್ತಾರೆ. ಆದ್ಯತೆಯೆಂಬ ಮಾತಿಗೆ ಅರ್ಥ ಬರುವುದು ಇಲ್ಲಿ. ಒಂದೊಂದು ಊರಿನ ದನಿ ಸಣ್ಣದೆಂದೇ 1905ರಲ್ಲಿ ಊರುಗಳೆಲ್ಲ ಕೂಡಿ ವರ್ಜೀನಿಯ ಮುನಿಸಿಪಲ್ ಲೀಗ್ ಎಂಬ ಸಂಘ ಕಟ್ಟಿಕೊಂಡುವು. ಅಧಿವೇಶನದ ಕಾಲದಲ್ಲಿ ಒಂದು ದಿನ ಊರೂರಿನ ಪ್ರತಿನಿಧಿಗಳು ರಿಚ್ಮಂಡಿಗೆ ಹೋಗಿ, ಕೋಟಿಗೆ ಊರಿನ ಬಿಲ್ಲೆ ಸಿಕ್ಕಿಸಿಕೊಂಡು, ಶಾಸಕರ ಕೊಠಡಿಯ ಬಾಗಿಲಲ್ಲಿ ನಿಲ್ಲುತ್ತಾರೆ.

ಡಿಲನ್ನನನ್ನು ಖಳನೆಂದು ಚಿತ್ರಿಸುವುದು ಈಚಿನ ವಾಡಿಕೆ. ನನಗದು ಸರಿದೋರದು. ಸಾಲದಲ್ಲಿ ಮುಳುಗಿದ ಊರುಗಳನ್ನು ಕಣ್ಣಾರೆ ಕಂಡವನು ಅವನು. ರಾಜ್ಯದ ಶಾಸನಸಭೆಯೂ ಅಷ್ಟೇ ಸುಲಭವಾಗಿ ರೈಲು ಕಂಪೆನಿಗಳ ಜೇಬಿಗಿಳಿಯಬಲ್ಲುದೆಂಬುದನ್ನು ಕಾಣದೆ ಹೋದನೆಂಬುದಷ್ಟೇ ಅವನ ಮೇಲೆ ಹೊರಿಸಬಹುದಾದ ದೋಷ. ಮುಂದೆ ತಾನೇ ಯೂನಿಯನ್ ಪೆಸಿಫಿಕ್ ರೈಲು ಕಂಪೆನಿಯ ವಕೀಲನಾದುದನ್ನು ನೋಡಿ ನಗುವವರು ನಗಲಿ. ಮಿಸೌರಿ ರಾಜ್ಯ 1875ರಲ್ಲೇ ತನ್ನ ಸಂವಿಧಾನದಲ್ಲಿ ದೊಡ್ಡ ನಗರಕ್ಕೆ ತನ್ನ ಸನ್ನದನ್ನು ತಾನೇ ಬರೆದುಕೊಳ್ಳುವ ಹಕ್ಕನ್ನು ಕೊಟ್ಟಿತು. ಅದರ ಹಿಂದೆ ಅನೇಕ ರಾಜ್ಯಗಳು ನಡೆದುವು. ಸೂತ್ರ ಹುಟ್ಟಿದ ಅಯೋವಾ ಕೂಡ, ಸರಿಯಾಗಿ ನೂರು ವರ್ಷಗಳಾದ ಮೇಲೆ, 1968ರಲ್ಲಿ ಅದನ್ನು ಹೆಸರಿಸದೆಯೇ ಅದರ ಮಾತನ್ನೆತ್ತಿ, ಇದು ಈ ರಾಜ್ಯದ ಕಾನೂನಲ್ಲವೆಂದು ಸಂವಿಧಾನದಲ್ಲಿ ಬರೆದು ತೊಡೆದುಹಾಕಿತು. ಅದೇ ಸುಮಾರಿಗೆ ವರ್ಜೀನಿಯದ ಸಂವಿಧಾನವನ್ನು ಪರಿಷ್ಕರಿಸಲು ನೇಮಕವಾದ ಆಯೋಗವೂ ಸೂತ್ರವನ್ನು ತಿರುವುಮುರುವಾಗಿಸಬೇಕೆಂದು ಸಲಹೆಯಿತ್ತಿತು. ಶಾಸನಸಭೆ ಒಪ್ಪಲಿಲ್ಲ. ಕೊಡುವ ಕೈಗೆ ಬೇಡುವ ಕೈ ಬೇಡವೆನಿಸುವುದು ಅಪರೂಪ.

ಅಧಿವೇಶನ ಮುಗಿದು, ಗವರ್ನರನ ಸಹಿಯೋ ನಿರಾಕರಣೆಯೋ ಆಗಿ, ಉಳಿದ ಕಾಯಿದೆಗಳು ಸಾಮಾನ್ಯವಾಗಿ ಜುಲೈ 1ರಿಂದ ಜಾರಿಗೆ ಬರುತ್ತವೆ. ಆ ಹೊತ್ತಿಗೆ ಪುರಸಭೆಯ ಕಚೇರಿಯಲ್ಲಿ ಹೋದ ವರ್ಷದ ಪಟ್ಟಿಯನ್ನು ತೆಗೆದು, ಕೈಗೂಡಿದ ಬಾಬುಗಳ ಮೇಲೆ ಗೆರೆ ಎಳೆದು, ಕೈಗೂಡದ ಬಾಬುಗಳನ್ನು ಹೊಸ ಹಾಳೆಗೆ ಇಳಿಸಿಕೊಳ್ಳುವ ಕೆಲಸ ಮೊದಲಾಗಿರುತ್ತದೆ.